ಕೌಂಟಿಯ ಸಾರಿಗೆ ಯೋಜನೆ: ನಮ್ಮೂರಿನ ಸಣ್ಣ ಕೆಲಸಕ್ಕೆ ದುಡ್ಡು ಬರೋದು ಯಾವ ದಾರಿಯಲ್ಲಿ?

ಸುಮಾ_ಈಸ್ಟ್‌ಬೇ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ (ನಮ್ಮ ಕಡೆ ಜಿಲ್ಲೆ ಇದ್ದ ಹಾಗೆ) ಇರೋ ಕನ್ನಡದವರನ್ನ ಒಂದು ವಿಷಯ ಕೇಳಬೇಕಿತ್ತು. ಊರಿನ ಹೆಸರು ಹಾಕ್ತಿಲ್ಲ, ತಪ್ಪು ತಿಳೀಬೇಡಿ.

ಮಕ್ಕಳ ಶಾಲೆ ನಮ್ಮನೆಯಿಂದ ನಡೆದು ಹೋಗೋ ದೂರದಲ್ಲೇ ಇದೆ. ಆದ್ರೆ ಮಧ್ಯೆ ಆರು ಲೇನಿನ ರಸ್ತೆ. ದಾಟೋಕೆ ಬಿಳಿ ಪಟ್ಟೆ ಎಳೆದಿದ್ದಾರೆ, ಅಷ್ಟೇ. ಒಂದು ಲೇನಿನ ಕಾರು ನಿಂತ್ರೂ ಪಕ್ಕದ ಲೇನಿನವರು ನಿಲ್ಲಲ್ಲ. ಊರಿನ ಪಾದಚಾರಿ-ಸೈಕಲ್ ಯೋಜನೆಯಲ್ಲಿ ಈ ಜಾಗ ಸೇರಿದೆ, ಕೌನ್ಸಿಲ್ ಒಪ್ಪಿಗೆಯೂ ಕೊಟ್ಟಿದೆ. ರಸ್ತೆ ಮಧ್ಯೆ ನಿಲ್ಲೋಕೆ ಕಟ್ಟೆ, ಒತ್ತಿದ್ರೆ ಮಿನುಗೋ ಹಳದಿ ದೀಪ, ಎರಡೂ ಕಡೆ ಫುಟ್‌ಪಾತ್ ಮುಂದಕ್ಕೆ ಚಾಚೋದು, ಎಲ್ಲ ಚಿತ್ರದಲ್ಲಿದೆ. ವರ್ಷಗಳು ಹೋದ್ವು. ಯಾವಾಗ ಕೇಳಿದ್ರೂ "ಇನ್ನೂ ಅನುದಾನ ಸಿಕ್ಕಿಲ್ಲ" ಅನ್ನೋದೇ ಉತ್ತರ. ಪಕ್ಕದ ಊರಲ್ಲಿ ಇಂಥದ್ದೇ ಕೆಲಸ ಆಗಿಹೋಗಿದೆ.

ಕೌಂಟಿಯಲ್ಲಿ ಏನೇ ತಗೊಂಡ್ರೂ ಸಾರಿಗೆಗೆ ಅಂತ ಮಾರಾಟ ತೆರಿಗೆ ಕಟ್ತೀವಿ. ಅದು ಎಲ್ಲಿಗೆ ಹೋಗುತ್ತೆ? ಯಾವ ಕೆಲಸಕ್ಕೆ ಕೊಡಬೇಕು ಅಂತ ತೀರ್ಮಾನ ಮಾಡೋರು ಯಾರು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ರಘು_ದಾವಣಗೆರೆ

ಮೇಡಂ, ಎಲ್ಲ ಕಡೆ ಒಂದೇ ಕಥೆ. ಯಾರ ಮಾತು ನಡೆಯುತ್ತೋ ಅವರ ಊರಿಗೆ ದುಡ್ಡು. ಪಕ್ಕದ ಊರಿನ ಮೇಯರ್ ಕೌಂಟಿ ಕಮಿಷನ್‌ನಲ್ಲಿ ಗಟ್ಟಿ ಕುಳ ಇರಬೇಕು.

ನಕ್ಷೆಗಾರ

ರಘು ಅವರೇ, ಪ್ರಭಾವ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಸಣ್ಣ ಕೆಲಸಗಳು ನಿಂತುಹೋಗೋಕೆ ಬಹಳ ಸಲ ಕಾರಣ ಅದಲ್ಲ. ನಾನು ಸಾರಿಗೆ ಯೋಜನೆಯ ಕೆಲಸದಲ್ಲೇ ಇರೋನು. ಅರ್ಜಿ ಬರೆದಿದ್ದೀನಿ, ಬೇರೆಯವರು ಬರೆದಿದ್ದಕ್ಕೆ ಅಂಕ ಹಾಕೋ ಸಮಿತಿಯಲ್ಲೂ ಕೂತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ತೆರಿಗೆ ವಿಷಯ. ಅಲಮೀಡಾ ಕೌಂಟಿಯ ಮತದಾರರು 1986ರಲ್ಲಿ ಸಾರಿಗೆಗೋಸ್ಕರ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆ ಒಪ್ಪಿದ್ರು. ಅದು ಮೆಷರ್ ಬಿ (ಜನರ ಮತಕ್ಕೆ ಹಾಕೋ ಪ್ರಸ್ತಾಪಕ್ಕೆ ಇಲ್ಲಿ ಮೆಷರ್ ಅಂತಾರೆ). 2000ದಲ್ಲಿ ಅದನ್ನ ಮುಂದುವರಿಸಿದ್ರು. 2012ರಲ್ಲಿ ಹೆಚ್ಚಿಸೋಕೆ ಹೋದಾಗ 66.5% ಮತ ಬಂತು. ಬೇಕಾಗಿದ್ದು ಮೂರರಲ್ಲಿ ಎರಡು ಪಾಲು, ಅಂದ್ರೆ 66.67%. ಇಡೀ ಕೌಂಟಿಯಲ್ಲಿ ಸಾವಿರ ಮತವೂ ಇಲ್ಲದ ಅಂತರದಲ್ಲಿ ಬಿದ್ದುಹೋಯ್ತು. ಎರಡು ವರ್ಷ ಬಿಟ್ಟು 2014ರಲ್ಲಿ ಮೆಷರ್ ಬಿಬಿ ಅಂತ ಮತ್ತೆ ತಂದ್ರು, 70% ದಾಟಿ ಗೆದ್ದಿತು. ಈಗ ಡಾಲರಿಗೆ ಒಂದು ಸೆಂಟ್, 2045ರ ತನಕ. ನೋಡ್ಕೊಳ್ಳೋದು ಅಲಮೀಡಾ ಸಿಟಿಸಿ, ಅಂದ್ರೆ ಕೌಂಟಿಯ ಸಾರಿಗೆ ಆಯೋಗ. 2010ರಲ್ಲಿ ಎರಡು ಸಂಸ್ಥೆ ಕೂಡಿಸಿ ಮಾಡಿದ್ದು. 14 ಊರು, ಕೌಂಟಿ ಮೇಲ್ವಿಚಾರಕರು, ಬಾರ್ಟ್ (ರೈಲು), ಎಸಿ ಟ್ರಾನ್ಸಿಟ್ (ಬಸ್ಸು), ಎಲ್ಲರ ಪ್ರತಿನಿಧಿಗಳೂ ಅಲ್ಲಿದ್ದಾರೆ. (ರಾಜ್ಯ ಮಟ್ಟದಲ್ಲೂ ಒಂದು ಸಿಟಿಸಿ ಇದೆ. ಕಾಗದ ಪತ್ರ ಓದುವಾಗ ಎರಡನ್ನೂ ಬೆರೆಸ್ಕೋಬೇಡಿ.)

ಬಿಬಿ ದುಡ್ಡಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೂತ್ರದ ಪ್ರಕಾರ ನೇರವಾಗಿ ಊರುಗಳಿಗೂ ಬಸ್ಸು-ರೈಲು ಸಂಸ್ಥೆಗಳಿಗೂ ಹೋಗುತ್ತೆ. ಅದಕ್ಕೆ ಯಾವ ಸ್ಪರ್ಧೆಯೂ ಇಲ್ಲ. ಉಳಿದಿದ್ದು ಹೆಸರು ಹೇಳಿ ಇಟ್ಟಿರೋ ದೊಡ್ಡ ಯೋಜನೆಗಳಿಗೆ ಮತ್ತು ಅರ್ಜಿ ಕರೆದು ಹಂಚೋ ಅನುದಾನಕ್ಕೆ. ನಿಮ್ಮ ದಾಟುದಾರಿ, ಊರಿಗೆ ನೇರ ಬರೋ ಪಾಲು, ಅರ್ಜಿ ಹಾಕಿ ತರೋ ಅನುದಾನ, ಈ ಎರಡು ಜೇಬಲ್ಲಿ ಯಾವುದರಿಂದ ಬರಬೇಕು ಅನ್ನೋದು ಮೊದಲ ಪ್ರಶ್ನೆ.

ಇನ್ನು ಯೋಜನೆಯ ಮೆಟ್ಟಿಲು. ಊರಿನ ಯೋಜನೆ ಕೆಳಗೆ. ಅದರ ಮೇಲೆ ಇಡೀ ಕೌಂಟಿಯ ಸಾರಿಗೆ ಯೋಜನೆ. 2020ರದ್ದು ಆ ವರ್ಷದ ನವೆಂಬರಲ್ಲಿ ಅಂಗೀಕಾರ ಆಯ್ತು, 2050ರ ತನಕ ನೋಟ, ಒಳಗೆ ಮುಂದಿನ ಹತ್ತು ವರ್ಷದ ಆದ್ಯತೆ ಪಟ್ಟಿ. ಅದಕ್ಕೂ ಮೇಲೆ ಒಂಬತ್ತು ಕೌಂಟಿ, 101 ಊರು ಸೇರಿದ ಬೇ ಏರಿಯಾ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಪ್ರದೇಶ) ಯೋಜನೆ, ಮಾಡೋದು ಎಂಟಿಸಿ ಅನ್ನೋ ಪ್ರಾದೇಶಿಕ ಸಾರಿಗೆ ಆಯೋಗ. ದೊಡ್ಡ ರಸ್ತೆ, ಹೊಸ ರೈಲು ಅಂದ್ರೆ ಆ ಮೇಲಿನ ಪುಸ್ತಕದಲ್ಲಿ ಹೆಸರು ಇರಲೇಬೇಕು, ಇಲ್ಲಾಂದ್ರೆ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ, ದುಡ್ಡಿನ ಬಾಗಿಲೇ ತೆಗೆಯಲ್ಲ. ನಿಮ್ಮಂಥ ಸಣ್ಣ ಕೆಲಸಕ್ಕೆ ಆ ಕಷ್ಟ ಇಲ್ಲ. ಪಾದಚಾರಿ ಸುರಕ್ಷತೆ ಅಂತ ಒಟ್ಟಾಗಿ ಒಂದು ಬಾಬ್ತು ಇರುತ್ತೆ, ಅದರೊಳಗೆ ಸೇರುತ್ತೆ.

ಹಾಗಾದ್ರೆ ಎಲ್ಲಿ ಸಿಕ್ಕಿಹಾಕ್ಕೊಂಡಿದೆ? ಒಂದು ಕೇಳ್ತೀನಿ: ಆ ಕೆಲಸ ಯಾವ ಹಂತದಲ್ಲಿದೆ ಅಂತ ಊರಿನವರು ಹೇಳಿದ್ದಾರಾ?

ಸುಮಾ_ಈಸ್ಟ್‌ಬೇ

ತುಂಬಾ ಥ್ಯಾಂಕ್ಸ್ ಸರ್. ನನಗೆ ಬಂದ ಇಮೇಲಲ್ಲಿ "ಪರಿಕಲ್ಪನೆ ಹಂತ" ಅಂತ ಬರೆದಿದ್ದಾರೆ. ವಿನ್ಯಾಸ ಶುರು ಆಗಿಲ್ಲವಂತೆ. ಅಂದಾಜು ವೆಚ್ಚ ಯೋಜನೆ ಪುಸ್ತಕ ಬರೆದಾಗಿನದ್ದೇ.

ನಕ್ಷೆಗಾರ

ಇಲ್ಲೇ ಇದೆ ಉತ್ತರ. ಅಕ್ಕ, ಚಿತ್ರದಲ್ಲಿರೋ ಕೆಲಸಕ್ಕೆ ಕಟ್ಟೋ ದುಡ್ಡು ಯಾರೂ ಕೊಡಲ್ಲ.

ಅರ್ಜಿಯಲ್ಲಿ ಒಂದು ಹಾಳೆ ಇರುತ್ತೆ, ವೆಚ್ಚದ ಪಟ್ಟಿ. ಎಡಗಡೆ ಸಾಲಾಗಿ ಹಂತಗಳು: ಪರಿಸರ ಪರಿಶೀಲನೆ, ವಿನ್ಯಾಸ, ಜಾಗ ಬಿಡಿಸೋದು, ಕಟ್ಟೋದು. ಮೇಲ್ಗಡೆ ವರ್ಷಗಳು. ಪ್ರತಿ ಚೌಕದಲ್ಲೂ ಎಷ್ಟು ದುಡ್ಡು, ಎಲ್ಲಿಂದ ಬರುತ್ತೆ, ಅದು ಖಾತ್ರಿಯೋ ನಿರೀಕ್ಷೆಯೋ ಅಂತ ತುಂಬಬೇಕು. ಅಂಕ ಹಾಕೋರು ಬಣ್ಣದ ಚಿತ್ರಕ್ಕಿಂತ ಮೊದಲು ನೋಡೋದು ಈ ಹಾಳೆಯನ್ನ. ಮೊದಲ ಮೂರು ಸಾಲು ಖಾಲಿ ಬಿಟ್ಟು ಕಟ್ಟೋ ಸಾಲಲ್ಲಿ ಮಾತ್ರ ದೊಡ್ಡ ಮೊತ್ತ ಕೇಳಿದ್ರೆ, ಈ ಕೆಲಸ ಹೇಳಿದ ವರ್ಷಕ್ಕೆ ಮುಗಿಯಲ್ಲ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ.

ಫುಟ್‌ಪಾತ್ ಮುಂದಕ್ಕೆ ಚಾಚಬೇಕು ಅಂದ್ರೆ ಮೂಲೆಯಲ್ಲಿರೋ ಮಳೆನೀರಿನ ಬಾಯಿ (ನೀರು ಚರಂಡಿಗೆ ಇಳಿಯೋ ಜಾಗ) ಸರಿಸಬೇಕು. ಖರ್ಚೆಲ್ಲ ಅಲ್ಲೇ. ಕಂಬ ಇದ್ರೆ ವಿದ್ಯುತ್ ಕಂಪನಿ ಜೊತೆ ಮಾತಾಡಬೇಕು, ಅದಕ್ಕೆ ತಿಂಗಳುಗಟ್ಟಲೆ. ರಸ್ತೆ ಊರಿನದ್ದೋ ರಾಜ್ಯದ್ದೋ ಅಂತಲೂ ನೋಡಬೇಕು. ಮಿಷನ್ ಬೌಲೆವಾರ್ಡಿನ, ಸ್ಯಾನ್ ಪಾಬ್ಲೋ ಅವೆನ್ಯೂದ ಕೆಲವು ಭಾಗ, ಇವೆಲ್ಲ ಊರಿನ ಬೀದಿ ತರ ಕಂಡ್ರೂ ರಾಜ್ಯ ಹೆದ್ದಾರಿ. ಅಲ್ಲಿ ಒಂದು ಕಲ್ಲು ಸರಿಸೋಕೂ ಕ್ಯಾಲ್ಟ್ರಾನ್ಸ್, ಅಂದ್ರೆ ರಾಜ್ಯ ಸಾರಿಗೆ ಇಲಾಖೆಯ, ಅನುಮತಿ ಬೇಕು.

ಫೆಡರಲ್ ದುಡ್ಡಾದ್ರೆ ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 11.47% ಊರೇ ಹಾಕಬೇಕು. 20 ಲಕ್ಷ ಡಾಲರಿನ ಕೆಲಸಕ್ಕೆ 2,29,400 ಡಾಲರ್. ಅದನ್ನ ಕೌನ್ಸಿಲ್ ಮೊದಲೇ ಎತ್ತಿಟ್ಟು ನಿರ್ಣಯ ಮಾಡಿರಬೇಕು. ಅನುದಾನ ಸಿಕ್ಕಿತು ಅಂದ್ರೂ ಚೆಕ್ಕು ಮುಂಚೆ ಬರಲ್ಲ. ಊರು ಖರ್ಚು ಮಾಡಿ, ಬಿಲ್ಲು ಕಳಿಸಿ, ಆಮೇಲೆ ವಾಪಸ್ ಪಡೀಬೇಕು. ಇ-76 ಅನ್ನೋ ಫೆಡರಲ್ ಅನುಮತಿ ಕೈಗೆ ಬರೋಕೆ ಮುಂಚೆ ಆ ಹಂತಕ್ಕೆ ಮಾಡಿದ ಖರ್ಚು ಊರಿನ ತಲೆ ಮೇಲೇ. ಗಡುವು ಮೀರಿದ್ರೆ ಸಿಕ್ಕಿದ್ದೂ ಕೈ ತಪ್ಪುತ್ತೆ.

ಎಂಜಿನಿಯರ್ ಕಡಿಮೆ ಇರೋ ಊರುಗಳು ಇದಕ್ಕೇ ಹೆದರುತ್ತವೆ. ನನಗೆ ನಿಜವಾಗಲೂ ಸಂಕಟ ಆಗೋದು ಅದು. ಜನಕ್ಕೆ ಬೇಕಾದ ಕೆಲಸ ಇರುತ್ತೆ, ಅದನ್ನ ಹೊತ್ತುಕೊಂಡು ಹೋಗೋ ಕೈ ಇರಲ್ಲ.

ರಘು_ದಾವಣಗೆರೆ

ಸರಿ, ಒಪ್ಪಿದೆ. ಆದ್ರೂ ಪಕ್ಕದ ಊರಿಗೆ ಹೇಗೆ ಸಿಕ್ತು?

ನಕ್ಷೆಗಾರ

ಆ ಊರು ಯಾವುದು ಅಂತ ಗೊತ್ತಿಲ್ಲದೆ ಖಚಿತವಾಗಿ ಹೇಳೋಕಾಗಲ್ಲ. ಸಾಮಾನ್ಯವಾಗಿ ಏನಾಗುತ್ತೆ ಹೇಳ್ತೀನಿ. ಎಂಟಿಸಿಯ ದೊಡ್ಡ ಅನುದಾನದ ಹೆಸರು ಒನ್ ಬೇ ಏರಿಯಾ ಗ್ರ್ಯಾಂಟ್, ಎಲ್ಲರೂ ಒಬ್ಯಾಗ್ ಅಂತಾರೆ. 2012ರಲ್ಲಿ ಶುರು, ಮೂರನೇ ಸುತ್ತು 2022ರಲ್ಲಿ. ಅದರಲ್ಲಿ ಮನೆ ಕಟ್ಟೋದಕ್ಕೂ ರಸ್ತೆ ದುಡ್ಡಿಗೂ ಗಂಟು ಹಾಕಿದ್ದಾರೆ. ಊರಿನ ವಸತಿ ಯೋಜನೆಗೆ ರಾಜ್ಯದ ಮುದ್ರೆ ಬಿದ್ದಿರಬೇಕು. ಅಲಮೀಡಾದಂಥ ದೊಡ್ಡ ಕೌಂಟಿಯಲ್ಲಿ ಕೌಂಟಿ ಪಾಲಿನ 70% ಮನೆಗಳು ಹೆಚ್ಚಾಗಬೇಕು ಅಂತ ಗುರುತಿಸಿದ ಪ್ರದೇಶಗಳಿಗೇ ಹೋಗಬೇಕು. ಬಾರ್ಟ್ ನಿಲ್ದಾಣದ ಸುತ್ತ ಅಪಾರ್ಟ್‌ಮೆಂಟಿಗೆ ಒಪ್ಪಿದ ಊರಿಗೆ ಅಲ್ಲಿನ ಫುಟ್‌ಪಾತಿಗೂ ದುಡ್ಡು ಸಿಗೋದು ಸುಲಭ. ಬೇಡ ಅಂದ ಊರಿಗೆ ಕಷ್ಟ. ಪ್ಲಾನಿಂಗ್ ಕಮಿಷನ್ ಸಭೆಯಲ್ಲಿ ಎದ್ದು ನಿಂತು ಹೊಸ ಮನೆಗಳು ಬೇಡ ಅನ್ನೋರಿಗೆ ಇದು ಗೊತ್ತಿರಲ್ಲ.

ಕಾವೇರಿ_ಡಬ್ಲಿನ್

ಕೌಂಟಿಯ ಪೂರ್ವ ಭಾಗದ ಟ್ರೈ-ವ್ಯಾಲಿ ಕಡೆಯಿಂದ ಬರೀತಿದ್ದೀನಿ. ಪಟ್ಟಿಯಲ್ಲಿ ಹೆಸರು ಇದ್ರೆ ಸಾಕು ಅನ್ನೋರಿಗೆ ನಮ್ಮ ಕಥೆ ಹೇಳ್ಬೇಕು. ಬಾರ್ಟ್ ಲಿವರ್‌ಮೋರ್ ತನಕ ಬರುತ್ತೆ ಅಂತ ದಶಕಗಳಿಂದ ಕಾಯ್ತಿದ್ದೀವಿ. 2014ರ ಮೆಷರ್ ಬಿಬಿಯಲ್ಲೇ ಅದಕ್ಕೆ 40 ಕೋಟಿ ಡಾಲರ್ ಬರೆದಿತ್ತು. ಆ ಕಾರಣಕ್ಕೇ ಇಲ್ಲಿ ತುಂಬಾ ಜನ ಓಟು ಹಾಕಿದ್ರು. 2018ರ ಮೇ ತಿಂಗಳಲ್ಲಿ ಬಾರ್ಟ್ ಮಂಡಳಿ ಬೇಡ ಅಂತ ತೀರ್ಮಾನ ಮಾಡ್ತು. ಕೌಂಟಿ ಪಟ್ಟಿಯಲ್ಲಿದ್ದೂ, ಜನ ಒಪ್ಪಿದ್ದೂ, ದುಡ್ಡು ಇಟ್ಟಿದ್ದೂ ಆಗಲಿಲ್ಲ. ಈಗ ಆ ಹಣ ವ್ಯಾಲಿ ಲಿಂಕ್ ಅನ್ನೋ ಬೇರೆ ರೈಲಿಗೆ. ಆಲ್ಟಮಾಂಟ್ ಗುಡ್ಡ ದಾಟಿ ಸ್ಯಾನ್ ವಾಕೀನ್ ಕೌಂಟಿ ಕಡೆ ಹೋಗೋದು. ಅದು ಯಾವಾಗ ಓಡುತ್ತೋ ಕಾದು ನೋಡ್ಬೇಕು.

ನಕ್ಷೆಗಾರ

ಕಾವೇರಿ ಅವರೇ, ನಿಮ್ಮ ನೋವು ನ್ಯಾಯವಾದದ್ದು. ಅಲ್ಲಿ ಆದದ್ದು ಏನು ಅಂದ್ರೆ, ದುಡ್ಡಿನ ಒಂದು ಪಾಲು ಕೌಂಟಿ ಕೈಲಿತ್ತು, ಕಟ್ಟಿ ನಡೆಸೋ ಅಧಿಕಾರ ಇನ್ನೊಬ್ಬರ ಕೈಲಿತ್ತು. 40 ಕೋಟಿ ದೊಡ್ಡ ಮೊತ್ತ ಹೌದು, ಆದ್ರೆ ಒಟ್ಟು ವೆಚ್ಚಕ್ಕೆ ಸಾಲುತ್ತಿರಲಿಲ್ಲ. ಆದ್ರೂ ಒಂದು ಮಾತು. ಆ ಹಣ ಮಾಯ ಆಗಲಿಲ್ಲ. ಮತದಾರರು ಒಪ್ಪಿದ ವೆಚ್ಚ ಯೋಜನೆ ಅದು, ಸುಮ್ಮನೆ ಬದಲಿಸೋಕೆ ಬರಲ್ಲ. ಎಲ್ಲ ಊರುಗಳಿಗೂ ತಿಳಿಸಿ, ಸಾರ್ವಜನಿಕ ಅಭಿಪ್ರಾಯಕ್ಕೆ ಕಾಲಾವಕಾಶ ಕೊಟ್ಟು, ಆಯೋಗದಲ್ಲಿ ತಿದ್ದುಪಡಿ ಮಾಡಿದ ಮೇಲೇ ಅದು ವ್ಯಾಲಿ ಲಿಂಕಿಗೆ ಹೋಗಿದ್ದು. ನಿಮ್ಮ ಭಾಗದ ಜನ ಪಟ್ಟು ಹಿಡಿದು ಕೂತಿದ್ದಕ್ಕೆ ಅದು ನಿಮ್ಮ ಭಾಗದಲ್ಲೇ ಉಳೀತು.

ಶ್ರೀನಿ_ಸನ್ನಿವೇಲ್

ಪಕ್ಕದ ಸ್ಯಾಂಟಾ ಕ್ಲಾರಾ ಕೌಂಟಿಯದ್ದೂ ಸೇರಿಸ್ತೀನಿ. ಇಲ್ಲಿ ವಿಟಿಎ ಅನ್ನೋ ಒಂದೇ ಸಂಸ್ಥೆ: ಬಸ್ಸು-ಲೈಟ್ ರೈಲು ಓಡಿಸೋದೂ ಅದೇ, ಕೌಂಟಿಯ ಯೋಜನೆ ಮಾಡೋದೂ ಅದೇ. 1984ರಲ್ಲಿ ಹೆದ್ದಾರಿಗೋಸ್ಕರ ಮತದಾರರೇ ತೆರಿಗೆ ಹಾಕ್ಕೊಂಡಿದ್ದು ಕ್ಯಾಲಿಫೋರ್ನಿಯಾದಲ್ಲಿ ಮೊದಲು ಈ ಕೌಂಟಿ. ನಾವು ದಿನಾ ಓಡಾಡೋ 85ನೇ ಹೆದ್ದಾರಿ ಅದರಿಂದ ಆಗಿದ್ದು.

ಇಲ್ಲಿನ 2016ರ ಮೆಷರ್ ಬಿ (ಅಲಮೀಡಾದ್ದು ಬೇರೆ) ಸುಮಾರು 72% ಮತದಿಂದ ಗೆದ್ದಿತು. ಒಟ್ಟು 630 ಕೋಟಿ ಡಾಲರ್ ಲೆಕ್ಕ. ಊರಿನ ಬೀದಿಗಳಿಗೆ 120 ಕೋಟಿ, ಬಾರ್ಟ್ ರೈಲನ್ನ ಸ್ಯಾನ್ ಹೋಸೆ ಒಳಕ್ಕೆ ತರೋ ಎರಡನೇ ಹಂತಕ್ಕೆ 150 ಕೋಟಿ, ಸೈಕಲ್-ಪಾದಚಾರಿಗೆ 25 ಕೋಟಿ. ಅದರ ಮೇಲೆ ಕೋರ್ಟು ಕೇಸು ಬಿದ್ದು 2019ರ ಶುರುವಿನ ತನಕ ಹಣ ಮುಟ್ಟೋ ಹಾಗಿರಲಿಲ್ಲ. ಜನ ಅದನ್ನ ಮರೆತಿದ್ದಾರೆ.

ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಒಂದೇ ಸಾಲು: ಬಾರ್ಟ್‌ಗೆ ಹೋಗೋದು ಒಟ್ಟು ತೆರಿಗೆಯ 25% ಮೀರಬಾರದು. ಸ್ಯಾನ್ ಹೋಸೆ ಕೆಳಗಿನ ಸುರಂಗ ಸೇರಿದ ಆ ಹಂತದ ಅಂದಾಜು 2023ರಲ್ಲೇ 1,200 ಕೋಟಿ ಡಾಲರ್ ದಾಟಿತ್ತು. ಆ ಸಾಲು ಇಲ್ಲದೇ ಇದ್ದಿದ್ರೆ ಬೀದಿ, ಫುಟ್‌ಪಾತ್ ದುಡ್ಡೆಲ್ಲ ಅದಕ್ಕೇ ಸುರಿಬೇಕು ಅಂತ ಒತ್ತಡ ಬರ್ತಿತ್ತು. ಮುಂದೆ ಯಾವ ಕೌಂಟಿಯಲ್ಲಿ ತೆರಿಗೆ ಮತಕ್ಕೆ ಬಂದ್ರೂ, ಇಂಥ ಮಿತಿ ಇದೆಯಾ ಅಂತ ಓದಿ ನೋಡಿ ಓಟು ಹಾಕಿ.

ವಿನಾಯಕ_ಹುಬ್ಬಳ್ಳಿ

ನಮಸ್ಕಾರ್ರಿ. ನಾನು ಹುಬ್ಬಳ್ಳ್ಯಾಗ ಸಿವಿಲ್ ಎಂಜಿನಿಯರ್ ಅದೀನಿ, ತಂಗಿ ಹೇವರ್ಡಿನ್ಯಾಗ ಇರ್ತಾಳ. ಅಕಿ ಈ ಚರ್ಚಾ ಕಳಿಸಿದ್ಲು. ಓದಿ ನಮ್ಮ ಕಡೀದು ನೆನಪಾತು.

2005ರಾಗ ಜೆನರ್ಮ್ (ಕೇಂದ್ರದ ನಗರ ನವೀಕರಣ ಯೋಜನಾ) ಬಂದಾಗ ನಗರ ಅಭಿವೃದ್ಧಿ ಯೋಜನಾ ಬರದು ಕೊಡ್ರಿ, ಆಮ್ಯಾಲ ರೊಕ್ಕ ಅಂದ್ರು. ಕರ್ನಾಟಕದಾಗ ಆ ದೊಡ್ಡ ಯಾದ್ಯಾಗ ಬೆಂಗಳೂರು, ಮೈಸೂರು ಎರಡ ಇದ್ವು. ನಮ್ಮ ಬಿಆರ್‌ಟಿಎಸ್‌ಗೆ (ಬಸ್ಸಿಗಂತನ ಮೀಸಲ ರಸ್ತಾ) ಬ್ಯಾರೆ ಹಾದಿ ಹುಡುಕಬೇಕಾತು. ವಿಶ್ವ ಬ್ಯಾಂಕಿನ ಸುಸ್ಥಿರ ನಗರ ಸಾರಿಗಿ ಯೋಜನಾದಾಗ ಸೇರಿದ್ವಿ, ಚಿಗರಿ ಬಸ್ಸು 2018ರಾಗ ಓಡಾಕ ಹತ್ತಿದ್ವು. ಈಗ ಮೆಟ್ರೋ ಬೇಕಂದ್ರ ಕೇಂದ್ರದ 2017ರ ಮೆಟ್ರೋ ನೀತಿ ಪ್ರಕಾರ ಇಡೀ ನಗರದ ಸಂಚಾರ ಯೋಜನಾ ಇರಾಕಬೇಕು. ಯೋಜನಾ ಮೊದಲು, ರೊಕ್ಕ ಆಮ್ಯಾಲ ಅನ್ನೂದು ಇಲ್ಲೂ ಬಂದೈತಿ.

ಆದ್ರ ನಿಮ್ಮಲ್ಲಿ ಒಂದು ಐತಿ, ನಮ್ಮಲ್ಲಿ ಕಡಿಮಿ. ಸಂವಿಧಾನದ 243ಝಡ್‌ಡಿ ವಿಧಿಯಾಗ ಜಿಲ್ಲಾ ಯೋಜನಾ ಸಮಿತಿ ಅಂತ ಐತಿ. ಪಂಚಾಯ್ತಿ, ನಗರಸಭೆ ಎಲ್ಲಾರ ಯೋಜನಾ ಕೂಡಿಸಿ ಜಿಲ್ಲಾಕ್ಕ ಒಂದು ಮಾಡಬೇಕು. ನಿಮ್ಮ ಕೌಂಟಿ ಯೋಜನಾ ಅಂದ್ರ ಇದ ಅಲ್ಲೇನ್ರಿ? ಆದ್ರ ನಮ್ಮ ಸಮಿತಿ ಕೈಯಾಗ ತನ್ನದ ತೆರಿಗಿ ಇಲ್ಲ. ಬರದ ಯೋಜನಾಕ್ಕ ಬೆಂಗಳೂರಿನ ಕಡೆ ಮುಖ ಮಾಡಿ ನಿಂದ್ರಬೇಕು. ನಿಮ್ಮ ಮಂದಿ ತಾವ ಓಟು ಹಾಕಿ, ತಾವ ತೆರಿಗಿ ಕೊಟ್ಟು, ಯಾದಿ ಬರಸ್ತಾರ. ಅದು ಭಾಳ ದೊಡ್ಡ ಮಾತು ನೋಡ್ರಿ.

ನಕ್ಷೆಗಾರ

ವಿನಾಯಕ ಅವರೇ, ಸರಿಯಾದ ಜಾಗಕ್ಕೆ ಬೆರಳಿಟ್ರಿ. ತಾವೇ ತೆರಿಗೆ ಹಾಕ್ಕೊಂಡ ಕೌಂಟಿಗಳಿಗೆ ಇಲ್ಲಿ "ಸೆಲ್ಫ್-ಹೆಲ್ಪ್ ಕೌಂಟಿ" ಅಂತಾರೆ, ಅವಕ್ಕೆ ಇನ್ನೊಂದು ಅನುಕೂಲವೂ ಇದೆ. ರಾಜ್ಯ 2017ರಲ್ಲಿ ಎಸ್‌ಬಿ 1 ಕಾನೂನು ತಂದು ಪೆಟ್ರೋಲ್ ಮೇಲೆ ಗ್ಯಾಲನ್ನಿಗೆ 12 ಸೆಂಟ್ ಏರಿಸ್ತು. ಅದನ್ನ ರದ್ದು ಮಾಡೋಕೆ 2018ರಲ್ಲಿ ಬಂದ ಪ್ರಸ್ತಾಪವನ್ನ ಜನರೇ ಸೋಲಿಸಿದ್ರು. ಅದರೊಳಗೆ ಲೋಕಲ್ ಪಾರ್ಟ್‌ನರ್‌ಶಿಪ್ ಅಂತ ವರ್ಷಕ್ಕೆ 20 ಕೋಟಿ ಡಾಲರ್ ಇದೆ. ಮತದಾರರ ಒಪ್ಪಿಗೆಯಿಂದ ಬಂದ, ಅಥವಾ ಸಾರಿಗೆಗೇ ಮೀಸಲಾದ ತೆರಿಗೆ-ಶುಲ್ಕ ಇರೋರಿಗೆ ಮಾತ್ರ ಅದು ಸಿಗುತ್ತೆ. ಒಂದು ಡಾಲರ್ ಕೈಲಿದ್ರೆ ಅದನ್ನ ತೋರಿಸಿ ಇನ್ನೊಂದು ತರಬಹುದು. ಖಾಲಿ ಕೈಲಿರೋ ಕೌಂಟಿ ಅದರಲ್ಲೂ ಹಿಂದೆ ಬೀಳುತ್ತೆ.

ಶಾಂತಲಾ_ಓಕ್ಲೆಂಡ್

ನಾನು ನರ್ಸ್, ಓಕ್ಲೆಂಡ್‌ನಲ್ಲಿ ಕೆಲಸ. ತುಂಬಾ ಹೊತ್ತಿಂದ ಓದ್ತಿದ್ದೀನಿ, ಒಂದು ಮಾತು ಹೇಳಲೇಬೇಕು.

ಪೂರ್ವ ಓಕ್ಲೆಂಡಿನ ಇಂಟರ್‌ನ್ಯಾಷನಲ್ ಬೌಲೆವಾರ್ಡಿಂದ ಗಾಡಿ ಬಡಿದು ಬರೋರನ್ನ ನಾನು ನೋಡಿದ್ದೀನಿ. ಬಸ್ಸಿಳಿದು ರಸ್ತೆ ದಾಟುವಾಗ ಆಗಿರುತ್ತೆ. ಕೈಲಿ ಹಿಡಿದಿದ್ದ ತರಕಾರಿ ಚೀಲ ಇನ್ನೂ ಜೊತೆಗೇ ಬಂದಿರುತ್ತೆ. ಅವರೂ ಅದೇ ಒಂದು ಸೆಂಟ್ ಕಟ್ತಾರೆ, ಅವರ ಸಂಪಾದನೆಗೆ ಅದು ನಮಗಿಂತ ಭಾರ. ಸುಮಾ ಅವರ ಮಕ್ಕಳಿಗೆ ದಾರಿ ಬೇಕು, ಖಂಡಿತ ಬೇಕು. ಆದ್ರೆ ಕೌಂಟಿ ಅರ್ಜಿಗೆ ಅಂಕ ಹಾಕುವಾಗ ಹೆಚ್ಚು ಜನ ಸಾಯೋ ಬೀದಿ ಮೊದಲು ಬರಬೇಕು ಅನ್ನೋದನ್ನ ನಾವು, ಒಳ್ಳೇ ಶಾಲೆ ಇರೋ ಊರಲ್ಲಿ ಮನೆ ಮಾಡ್ಕೊಂಡಿರೋರು, ಒಪ್ಪಬೇಕು.

ಸುಮಾ_ಈಸ್ಟ್‌ಬೇ

ಶಾಂತಲಾ, ಒಪ್ತೀನಿ. ಅವರ ಹಣ ಕಿತ್ಕೊಂಡು ನಮಗೆ ಕೊಡಿ ಅಂತ ನಾನು ಕೇಳಲ್ಲ. ಬೇರೆ ಯಾವ ಜೇಬಿಂದ ಆಗುತ್ತೆ ಅಂತ ತಿಳಿದ್ರೆ ಸಾಕು.

ನಕ್ಷೆಗಾರ

ಶಾಂತಲಾ ಅವರು ಹೇಳಿದ್ದು ನಿಯಮದಲ್ಲೂ ಇದೆ. ರಾಜ್ಯದ ಆಕ್ಟಿವ್ ಟ್ರಾನ್ಸ್‌ಪೋರ್ಟೇಶನ್ ಪ್ರೋಗ್ರಾಂ, 2013ರಿಂದ ನಡೀತಿರೋದು, ಹಿಂದುಳಿದ ಬಡಾವಣೆಗಳಿಗೆ ಪ್ರತ್ಯೇಕ ಅಂಕ ಕೊಡುತ್ತೆ. ಅದು ಸರಿಯಾಗೇ ಇದೆ. ಸ್ಥಿತಿವಂತರ ಬಡಾವಣೆಯ ಒಂದು ದಾಟುದಾರಿ ಆ ಸ್ಪರ್ಧೆಯಲ್ಲಿ ಗೆಲ್ಲೋದು ಕಷ್ಟ. ಅಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯೋದು ಸುಮಾ ಅವರ ಊರಿಗೆ ದಾರಿಯೂ ಅಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಇಷ್ಟು ಸಣ್ಣ ಕೆಲಸಕ್ಕೆ ಫೆಡರಲ್ ದುಡ್ಡು ಕೇಳಲೇಬಾರದು. ಕಾಗದ ಪತ್ರದ ಖರ್ಚೇ ಕೆಲಸದ ಖರ್ಚಿನ ಹತ್ತಿರ ಬರುತ್ತೆ. ಊರಿಗೆ ಸ್ಪರ್ಧೆ ಇಲ್ಲದೆ ಬರೋ ಮೆಷರ್ ಬಿಬಿ ಬೀದಿ ಹಣದಲ್ಲಿ ಕನಿಷ್ಠ 15% ನಡೆಯೋರಿಗೆ, ಸೈಕಲಿನವರಿಗೆ ಉಪಯೋಗ ಆಗೋ ಕೆಲಸಕ್ಕೆ ಹಾಕಬೇಕು ಅಂತ ಇದೆ. ಅದರ ಜೊತೆಗೆ ಎಸ್‌ಬಿ 1ರ ರಸ್ತೆ ದುರಸ್ತಿ ಹಣ. ಅದಕ್ಕೆ ಪ್ರತಿ ವರ್ಷ ಕೌನ್ಸಿಲ್ ಯಾವ ಯಾವ ಬೀದಿ ಅಂತ ಪಟ್ಟಿ ಮಾಡಿ, ನಿರ್ಣಯ ಮಾಡಿ, ರಾಜ್ಯಕ್ಕೆ ಕಳಿಸಲೇಬೇಕು. ಆ ಪಟ್ಟಿ ಬಹಿರಂಗ ದಾಖಲೆ.

ಈಗ ಕೇಳಬೇಕಾದ ಪ್ರಶ್ನೆ ಇದು: ನಿಮ್ಮ ಆರು ಲೇನಿನ ರಸ್ತೆಗೆ ಮುಂದಿನ ಡಾಂಬರು ಯಾವ ವರ್ಷ? ಡಾಂಬರು ಹಾಕಿದ ಮೇಲೆ ಪಟ್ಟೆ ಹೊಸದಾಗಿ ಎಳೆಯಲೇಬೇಕು. ಮೂಲೆಯ ಇಳಿಜಾರುಗಳನ್ನ ಗಾಲಿಕುರ್ಚಿಯವರಿಗೆ ಆಗೋ ಹಾಗೆ ಸರಿ ಮಾಡೋದೂ ಕಾನೂನು. ಗುತ್ತಿಗೆದಾರರು, ಯಂತ್ರ, ಟ್ರಾಫಿಕ್ ತಡೆಯೋರು ಎಲ್ಲ ಅಲ್ಲೇ ಇರ್ತಾರೆ. ಆಗ ಲೇನು ಸ್ವಲ್ಪ ಕಿರಿದು ಮಾಡಿ, ಮಧ್ಯದ ಕಟ್ಟೆ, ದೀಪ ಸೇರಿಸೋದಕ್ಕೆ ಬೇರೆ ಕೆಲಸವಾಗಿ ಮಾಡೋದಕ್ಕಿಂತ ತುಂಬಾ ಕಡಿಮೆ ಖರ್ಚು. ಆದ್ರೆ ಟೆಂಡರ್ ನಕ್ಷೆ ಮುಗಿಯೋಕೆ ಮುಂಚೆ ಹೇಳಬೇಕು. ಬಸ್ಸು ಬರೋ ಹೊತ್ತಿಗೆ ನಿಲ್ದಾಣದಲ್ಲಿ ನಿಂತಿರಬೇಕು, ಹೊರಟ ಮೇಲೆ ಕೈ ಬೀಸಿದ್ರೆ ಪ್ರಯೋಜನ ಇಲ್ಲ. ಫುಟ್‌ಪಾತ್ ಚಾಚೋದನ್ನ ಸದ್ಯಕ್ಕೆ ಬಿಡಿ. ಮಳೆನೀರಿನ ಬಾಯಿ ಸರಿಸೋ ಖರ್ಚು ಅದರಲ್ಲೇ ಇರೋದು. ಬಣ್ಣ ಬಳಿದು ಪ್ಲಾಸ್ಟಿಕ್ ಕಂಬ ನೆಟ್ಟು ಅಷ್ಟೇ ಜಾಗ ಹಿಡೀಬಹುದು.

ಮೈಸೂರಿನ_ಪದ್ಮಮ್ಮ

ನಾನು ಮಗಳ ಮನೆಗೆ ಅಂತ ಫ್ರೀಮಾಂಟಿಗೆ ಬಂದಿದೀನಿ. ದೊಡ್ಡ ದೊಡ್ಡ ವಿಷಯ ಮಾತಾಡ್ತಿದೀರಿ, ಮಧ್ಯೆ ಬಾಯಿ ಹಾಕ್ತಿದೀನಿ ಅಂದ್ಕೋಬೇಡಿ. ನಮ್ಮಂಥವರಿಗೆ ಕಾರು ಓಡಿಸಕ್ಕೆ ಬರಲ್ಲ. ಸಂಜೆ ಪಾರ್ಕಿಗೆ ಹೋಗ್ಬೇಕಾದ್ರೆ ಸಿಗ್ನಲ್ ಇರೋ ಕಡೆನೇ ದಾಟ್ತೀವಿ. ನಡೆಯೋ ಬೊಂಬೆ ಬಂತು ಅಂತ ಕಾಲಿಟ್ರೆ ಅರ್ಧ ದಾರಿಗೆ ಕೆಂಪು ಕೈ ಮಿಣುಕಕ್ಕೆ ಶುರು. ಸಂಖ್ಯೆ ಇಳೀತಾ ಬರುತ್ತೆ, ನನ್ನ ಮಂಡಿ ಅದರ ಜೊತೆ ಓಡಲ್ಲ. ಇದಕ್ಕೂ ಆ ಕೌಂಟಿ, ಯೋಜನೆ ಎಲ್ಲ ಬೇಕೇನಪ್ಪಾ?

ನಕ್ಷೆಗಾರ

ಅಮ್ಮ, ನೀವು ಕೇಳಿದ್ದು ಈ ಚರ್ಚೆಯಲ್ಲೇ ತುಂಬಾ ಮುಖ್ಯವಾದ ಪ್ರಶ್ನೆ. ಇದಕ್ಕೆ ಕೌಂಟಿ ಬೇಡ, ಅನುದಾನ ಬೇಡ.

ಸಿಗ್ನಲ್ಲಿನ ಸಮಯ ಲೆಕ್ಕ ಹಾಕೋದು ಜನ ಸೆಕೆಂಡಿಗೆ 3.5 ಅಡಿ ನಡೀತಾರೆ ಅಂತ. ರಸ್ತೆ 84 ಅಡಿ ಅಗಲ ಅಂದ್ಕೊಳ್ಳಿ, ಕೆಂಪು ಕೈ ಮಿನುಗೋಕೆ ಶುರು ಆದಾಗಿಂದ 24 ಸೆಕೆಂಡ್ ಆಯ್ತು. ವಯಸ್ಸಾದವರು, ಅಂಗವಿಕಲರು ಪದೇ ಪದೇ ದಾಟೋ ಕಡೆ 2.8 ಅಡಿ ಲೆಕ್ಕ ಹಿಡಿಯೋದನ್ನ ಪರಿಗಣಿಸಬೇಕು ಅಂತ ಕ್ಯಾಲಿಫೋರ್ನಿಯಾದ ಸಂಚಾರ ಕೈಪಿಡಿಯಲ್ಲೇ ಇದೆ. ಆಗ ಅದೇ ರಸ್ತೆಗೆ 30 ಸೆಕೆಂಡ್. ಎಂಜಿನಿಯರ್ ಕಂಟ್ರೋಲರಿನಲ್ಲಿ ಅಂಕಿ ಬದಲಿಸಬೇಕು, ಸುತ್ತಲಿನ ಸಿಗ್ನಲ್‌ಗಳ ಜೊತೆ ಹೊಂದಿಸಬೇಕು, ಅಷ್ಟೇ. ಮಗಳಿಗೆ ಹೇಳಿ, ಊರಿನ ಟ್ರಾಫಿಕ್ ಎಂಜಿನಿಯರಿಗೆ ಇಮೇಲ್ ಮಾಡಿಸಿ. ಯಾವ ಮೂಲೆ, ಯಾವ ದಿಕ್ಕಿಗೆ ದಾಟೋದು, ಎಷ್ಟು ಹೊತ್ತಿಗೆ ಹೋಗ್ತೀರಿ ಅಂತ ಬರೀಬೇಕು. ಕಾರುಗಳಿಗೆ ಹಸಿರು ಕೊಡೋ ಮುಂಚೆ ನಡೆಯೋರಿಗೆ ಕೆಲವು ಸೆಕೆಂಡ್ ಮೊದಲೇ ಬಿಡೋ ಏರ್ಪಾಡನ್ನೂ ಕೇಳಿ.

ಕಾವೇರಿ_ಡಬ್ಲಿನ್

ಅಮ್ಮಾ, ನಮ್ಮತ್ತೆಗೂ ಇದೇ ತೊಂದರೆ. ಇಲ್ಲಿಂದ ನಾನೂ ಒಂದು ಬರೀತೀನಿ.

ರಘು_ದಾವಣಗೆರೆ

ನಕ್ಷೆಗಾರ ಸರ್, ಒಂದು ಉಳಿದಿದೆ. ಇಷ್ಟೆಲ್ಲ ಊರಿನ ಮಟ್ಟದಲ್ಲೇ ಆಗೋದಾದ್ರೆ, ಆ ಕೌಂಟಿ ಯೋಜನೆಗೆ ನಾವ್ಯಾಕೆ ತಲೆ ಕೆಡಿಸ್ಕೋಬೇಕು?

ನಕ್ಷೆಗಾರ

ಒಂದು ದಾಟುದಾರಿ ಊರಿನ ಹಣದಲ್ಲಿ ಆಗುತ್ತೆ. ಆ ಆರು ಲೇನಿನ ರಸ್ತೆ ಇಡೀ ಸರಿ ಆಗಲ್ಲ. ಅದು ಮೂರು ಊರು ಹಾದು ಹೋಗುತ್ತೆ, ಮೇಲೆ ಎಸಿ ಟ್ರಾನ್ಸಿಟ್ ಬಸ್ಸು ಓಡುತ್ತೆ, ಎಲ್ಲೋ ಹೆದ್ದಾರಿಯ ಇಂಟರ್‌ಚೇಂಜ್ ಕೆಳಗೆ ಹೋಗುತ್ತೆ. ಅದನ್ನ ಒಂದೇ ಕಾರಿಡಾರ್ ಅಂತ ಅಧ್ಯಯನ ಮಾಡಿಸೋ ಕೆಲಸ ಕೌಂಟಿಯದ್ದು. ಎಸ್‌ಬಿ 1ರಲ್ಲಿ ದಟ್ಟಣೆ ಕಾರಿಡಾರ್‌ಗಳಿಗೆ ಅಂತ ವರ್ಷಕ್ಕೆ 25 ಕೋಟಿ ಡಾಲರ್ ಇದೆ, ಕಾರು-ಬಸ್ಸು-ಸೈಕಲ್-ನಡಿಗೆ ಎಲ್ಲ ಸೇರಿದ ಕಾರಿಡಾರ್ ಯೋಜನೆ ಇಲ್ಲದಿದ್ರೆ ಅದಕ್ಕೆ ಅರ್ಜಿಯೇ ಹಾಕೋ ಹಾಗಿಲ್ಲ. ಫೆಡರಲ್ ಸರ್ಕಾರ 2021ರ ಕಾನೂನಲ್ಲಿ ರಸ್ತೆ ಸುರಕ್ಷತೆಗೆ ಐದು ವರ್ಷಕ್ಕೆ 500 ಕೋಟಿ ಡಾಲರ್ ಇಟ್ಟಿತು, ಅದರಲ್ಲೂ ಕಟ್ಟೋ ದುಡ್ಡು ಬೇಕಂದ್ರೆ ಮೊದಲು ಸುರಕ್ಷತಾ ಯೋಜನೆ ಕೈಲಿರಬೇಕು ಅಂತ ಷರತ್ತು. ಇವತ್ತು ಕೌಂಟಿ ಅಧ್ಯಯನದಲ್ಲಿ ಸೇರಿದ ಬೀದಿ ನಾಲ್ಕೈದು ವರ್ಷ ಬಿಟ್ಟು ಅರ್ಜಿ ಹಾಕುತ್ತೆ. ಸೇರದೇ ಇದ್ದದ್ದು ಆಗಲೂ ಚಿತ್ರದಲ್ಲೇ ಇರುತ್ತೆ.

ಕೌಂಟಿ ಯೋಜನೆಯ ಕರಡು ಬಂದಾಗ ಅಭಿಪ್ರಾಯ ಕಳಿಸೋ ಜನ ಬಹಳ ಕಮ್ಮಿ. ನಮ್ಮವರು ಇನ್ನೂ ಕಮ್ಮಿ. ಯುಗಾದಿ ಕಾರ್ಯಕ್ರಮಕ್ಕೆ ಸಭಾಂಗಣ ತುಂಬಿಸೋ ನಾವು ಇದಕ್ಕೆ ಇಪ್ಪತ್ತು ಪತ್ರ ಬರೆದ್ರೂ ಓದೋರಿಗೆ ಅದು ದೊಡ್ಡ ಸಂಖ್ಯೆ.

ಸುಮಾ_ಈಸ್ಟ್‌ಬೇ

ಸರ್, ಎರಡು ಪತ್ರ ಬರೀತೀನಿ ಹಾಗಾದ್ರೆ, ಒಂದು ಊರಿಗೆ, ಒಂದು ಕೌಂಟಿಗೆ. ಈಗಷ್ಟೇ ಊರಿನ ವೆಬ್‌ಸೈಟಲ್ಲಿ ಎಸ್‌ಬಿ 1 ಪಟ್ಟಿ ಹುಡುಕಿದೆ. ನಮ್ಮ ರಸ್ತೆ ಈ ವರ್ಷದ್ದರಲ್ಲಿ ಇಲ್ಲ, ಆದ್ರೆ ಐದು ವರ್ಷದ ಡಾಂಬರು ಕಾರ್ಯಕ್ರಮದಲ್ಲಿ ಎರಡು ವರ್ಷ ಬಿಟ್ಟು ಇದೆ. ಪತ್ರದಲ್ಲಿ ಏನು ಹಾಕಲಿ? "ತುಂಬಾ ಅಪಾಯ" ಅಂತ ಬರೆದು ಬರೆದು ಸಾಕಾಗಿದೆ.

ನಕ್ಷೆಗಾರ

ಎರಡು ವರ್ಷ ಅಂದ್ರೆ ಒಳ್ಳೇ ಸಮಯ, ನಕ್ಷೆ ಇನ್ನೂ ಶುರು ಆಗಿರಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದವರು ನಡೆಸೋ ಟಿಮ್ಸ್ ಅಂತ ಅಪಘಾತದ ನಕ್ಷೆ ಇದೆ, ಉಚಿತ, ಖಾತೆ ತೆರೆದ್ರೆ ಸಾಕು. ನಿಮ್ಮ ರಸ್ತೆಯ ಆ ಭಾಗ ಆರಿಸಿ, ನಡೆಯೋರಿಗೆ, ಸೈಕಲಿನವರಿಗೆ ಗಾಯ ಆದದ್ದು ಮಾತ್ರ ತೆಗೀರಿ. ಪೊಲೀಸ್ ವರದಿ ಆಗಿರೋದಷ್ಟೇ ಅದರಲ್ಲಿರುತ್ತೆ. ಆ ಪುಟವನ್ನ ಪತ್ರಕ್ಕೆ ಲಗತ್ತಿಸಿ. ಊರಿನ ಯೋಜನೆಯಲ್ಲಿ ನಿಮ್ಮ ದಾಟುದಾರಿ ಇರೋ ಪುಟ ಸಂಖ್ಯೆ ಹಾಕಿ. ಡಾಂಬರಿನ ವರ್ಷ ಹಾಕಿ, "ಆ ಟೆಂಡರ್ ನಕ್ಷೆಯಲ್ಲಿ ಇದನ್ನ ಸೇರಿಸಿ" ಅಂತ ಒಂದೇ ಕೋರಿಕೆ. ಶಾಲೆಯ ಪೋಷಕರ ಸಂಘದವರ ಸಹಿ ಇದ್ರೆ ಇನ್ನೂ ಒಳ್ಳೇದು. ಕೌಂಟಿಯ ಸೇಫ್ ರೂಟ್ಸ್ ಟು ಸ್ಕೂಲ್ಸ್ ತಂಡದವರು ಶಾಲೆ ಸುತ್ತ ನಡೆದು ನೋಡಿ ವರದಿ ಬರೆದು ಕೊಡ್ತಾರೆ, ಪ್ರಾಂಶುಪಾಲರ ಮೂಲಕ ಅವರನ್ನ ಕರೆಸಿ. ಆ ವರದಿ ಮುಂದೆ ಯಾವ ಅರ್ಜಿಗಾದ್ರೂ ಬೇಕಾಗುತ್ತೆ.

ಶಾಂತಲಾ_ಓಕ್ಲೆಂಡ್

ಸುಮಾ, ಕೌಂಟಿಗೆ ಬರೆಯೋ ಪತ್ರದಲ್ಲಿ ಇಂಟರ್‌ನ್ಯಾಷನಲ್ ಬೌಲೆವಾರ್ಡನ್ನೂ ಸೇರಿಸ್ತೀರಾ? ನಿಮ್ಮ ಊರಿನವರು ನಮ್ಮ ಬೀದಿಗೆ ಬರೆದ್ರೆ ಅದಕ್ಕೆ ಬೇರೆಯೇ ತೂಕ ಇರುತ್ತೆ. ಕೌಂಟಿಯ ಸೈಕಲ್-ಪಾದಚಾರಿ ಸಲಹಾ ಸಮಿತಿಯ ಸಭೆಗೆ ನಾನು ಬರ್ತೀನಿ, ನಿಮ್ಮ ದಾಟುದಾರಿ ಬಗ್ಗೆಯೂ ಮಾತಾಡ್ತೀನಿ.

ಸುಮಾ_ಈಸ್ಟ್‌ಬೇ

ಖಂಡಿತ ಸೇರಿಸ್ತೀನಿ. ಶನಿವಾರ ಕರಡು ಇಲ್ಲೇ ಹಾಕ್ತೀನಿ, ಎಲ್ಲರೂ ತಿದ್ದಿ ಕೊಡಿ. ಸಹಿ ಹಾಕೋರು ಯಾವ ಊರು ಅಂತಲೂ ತಿಳಿಸಿ, ಕೌಂಟಿ ಆಯೋಗದಲ್ಲಿರೋ ಆಯಾ ಊರಿನ ಪ್ರತಿನಿಧಿಗೆ ಪ್ರತಿ ಕಳಿಸೋಣ.